ಎಐ ಕೋರ್ಸ್‌ನಲ್ಲಿ ಚಾಟ್‌ಜಿಪಿಟಿ ಇಲ್ಲ ಅಂತ ಬಿಡಬೇಡಿ

ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳು ಈಚೆಗೆ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಅಕ್ಕಾ, ನಮ್ಮ ಎಐ ಪೇಪರ್‌ನಲ್ಲಿ ಚಾಟ್‌ಜಿಪಿಟಿ ಬಗ್ಗೆ ಏನೂ ಇಲ್ಲ. ಬರೀ ಸರ್ಚ್, ಲಾಜಿಕ್, ಪ್ರಾಬಬಿಲಿಟಿ. ಇಷ್ಟು ಹಳೇದನ್ನ ಯಾಕೆ ಓದ್ಬೇಕು?"

ನಾನು ಓದಿದಾಗಲೂ ಸಿಲಬಸ್ ಹೆಚ್ಚು ಕಡಿಮೆ ಇದೇ. ಆ ಹಳೆಯ ಭಾಗವೇ ನನಗೆ ಇವತ್ತಿಗೂ ಕೆಲಸಕ್ಕೆ ಬರುತ್ತಿದೆ.

ಹುಲಿ, ಹಸು, ಹುಲ್ಲನ್ನು ಹೊಳೆ ದಾಟಿಸುವ ಒಗಟು ನಮಗೆಲ್ಲ ಗೊತ್ತು, ಅಲ್ವಾ? ಯಾರು ಯಾವ ದಡದಲ್ಲಿದ್ದಾರೆ ಅನ್ನುವುದನ್ನು ಒಂದೊಂದು ಸ್ಟೇಟ್ (ಸ್ಥಿತಿ) ಅಂತ ಬರೆದುಕೊಳ್ಳಿ. ರೈತನನ್ನೂ ಸೇರಿಸಿ ಒಟ್ಟು 16. ಒಂದು ಇನ್ನೊಂದನ್ನು ತಿಂದುಹಾಕುವ 6 ಹೊಡೆದುಹಾಕಿದರೆ ಉಳಿಯುವುದು 10. ಅವುಗಳ ನಡುವೆ ದಾರಿ ಹುಡುಕಿದರೆ 7 ಸಲ ದಾಟುವಷ್ಟರಲ್ಲಿ ಕೆಲಸ ಮುಗಿಯಿತು. ಕಷ್ಟವೆಲ್ಲ ಸಮಸ್ಯೆಯನ್ನು ಹೀಗೆ ಬರೆದುಕೊಳ್ಳುವುದರಲ್ಲೇ ಇದೆ.

ಆದರೆ ಲೆಕ್ಕ ಬೇಗ ಕೈ ಮೀರುತ್ತದೆ. ಒಂಬತ್ತು ಮನೆಯ ಚೌಕದಲ್ಲಿ 8 ಬಿಲ್ಲೆಗಳನ್ನು ಸರಿಸುತ್ತಾ ಜೋಡಿಸುವ ಆಟದಲ್ಲಿ 1,81,440 ಸ್ಟೇಟ್‌ಗಳು. 15 ಬಿಲ್ಲೆಯಾದರೆ 10 ಲಕ್ಷ ಕೋಟಿಗೂ ಜಾಸ್ತಿ. ಎಲ್ಲವನ್ನೂ ನೋಡುತ್ತಾ ಕೂತರೆ ಆಗದು. ಆಗ ಬರುತ್ತದೆ ಎ-ಸ್ಟಾರ್ ಎಂಬ ದಾರಿ ಹುಡುಕುವ ವಿಧಾನ. 1968ರಲ್ಲಿ ಹಾರ್ಟ್, ನಿಲ್ಸನ್, ರಾಫೆಲ್ ಎಂಬ ಮೂವರು ಸಂಶೋಧಕರು ಬರೆದದ್ದು, ಶೇಕಿ ಎಂಬ ರೋಬೋಟ್‌ನ ಕೆಲಸದ ನಡುವೆ ಹುಟ್ಟಿದ್ದು. ಇಲ್ಲಿವರೆಗೆ ಆದ ಖರ್ಚಿಗೆ, ಮುಂದೆ ಆಗಬಹುದಾದ ಖರ್ಚಿನ ಅಂದಾಜನ್ನು ಕೂಡಿಸು. ಮೊತ್ತ ಕಡಿಮೆ ಇರುವ ಕಡೆ ಮೊದಲು ಹೋಗು. ಅಂದಾಜು ನಿಜವಾದ ಖರ್ಚನ್ನು ಎಂದೂ ಮೀರದಿದ್ದರೆ ಸಿಗುವ ದಾರಿ ಅತಿ ಚಿಕ್ಕದೇ. ಇದಕ್ಕೆ ಗಣಿತದ ಸಾಧನೆ (ಪ್ರೂಫ್) ಇದೆ, ಅರ್ಧ ಪುಟದ್ದು. ಅದು ಅರ್ಥವಾದ ಸಂಜೆ ನನಗೆ ಆದ ಖುಷಿ ದೊಡ್ಡದು.

ನನ್ನ ಸಿಟ್ಟು ಬೇರೆ ಕಡೆ ಇದೆ. ಇಂಥ ವಿಷಯವನ್ನು "ಎ-ಸ್ಟಾರ್ ವಿವರಿಸಿ, 10 ಅಂಕ" ಅಂತ ಕೇಳಿ ಬಾಯಿಪಾಠದ ಪಾಲು ಮಾಡುತ್ತೇವೆ. ಲ್ಯಾಬ್ ರೆಕಾರ್ಡ್ ಒಬ್ಬರದನ್ನು ನೋಡಿ ಇಡೀ ಕ್ಲಾಸ್ ಬರೆಯುತ್ತದೆ. ಬಿಲ್ಲೆಗಳ ಆಟಕ್ಕೆ ಎರಡು ಬೇರೆ ಬೇರೆ ಅಂದಾಜು ಕೊಟ್ಟು, ಯಾವುದರಲ್ಲಿ ಎಷ್ಟು ಸ್ಟೇಟ್ ತೆರೆದು ನೋಡಬೇಕಾಯಿತು ಅಂತ ಮಕ್ಕಳೇ ಎಣಿಸಲಿ. ಆಮೇಲೆ ಬಾಯಿಪಾಠವೇ ಬೇಕಾಗುವುದಿಲ್ಲ.

ಪ್ರಾಬಬಿಲಿಟಿಯೂ ಅಷ್ಟೇ. ಸಾವಿರಕ್ಕೆ ಒಬ್ಬರಿಗೆ ಬರುವ ಕಾಯಿಲೆ, ಇದ್ದವರಲ್ಲೂ ಇಲ್ಲದವರಲ್ಲೂ 99% ಸರಿ ಹೇಳುವ ಟೆಸ್ಟ್. ಪಾಸಿಟಿವ್ ಬಂತು. ಕಾಯಿಲೆ ಇರುವ ಸಾಧ್ಯತೆ ಎಷ್ಟು? ಸುಮಾರು 9%. ಕಾಯಿಲೆ ಇಲ್ಲದ 999 ಜನರಲ್ಲೇ ಹತ್ತು ಜನರಿಗೆ ತಪ್ಪಾಗಿ ಪಾಸಿಟಿವ್ ಬಂದಿರುತ್ತದಲ್ಲ! ಈ ಲೆಕ್ಕ ಹೇಳಿಕೊಡುವ ಬೇಯ್ಸ್ ಸೂತ್ರ ಕಲಿತವರು ಲ್ಯಾಬ್ ರಿಪೋರ್ಟ್ ಓದುವ ರೀತಿಯೇ ಬೇರೆ.

ಇನ್ನು ಹಳೇದು ಅನ್ನುವ ಮಾತು. 2016ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಹೆಸರಾಂತ ಆಟಗಾರ ಲೀ ಸೆಡಾಲ್ ಅವರನ್ನು ಗೋ ಎಂಬ ಮಣೆಯಾಟದಲ್ಲಿ 4-1ರಿಂದ ಸೋಲಿಸಿದ ಆಲ್ಫಾಗೋ ಎಂಬ ಪ್ರೋಗ್ರಾಂ ಒಳಗೆ, ಉದಾಹರಣೆಗಳಿಂದ ಕಲಿಯುವ ನ್ಯೂರಲ್ ನೆಟ್‌ವರ್ಕ್ ಜೊತೆ ಮುಂದಿನ ನಡೆಗಳನ್ನು ಕವಲು ಕವಲಾಗಿ ಹುಡುಕುವ ಟ್ರೀ ಸರ್ಚ್ ಕೂಡ ಇತ್ತು. ಚಾಟ್‌ಜಿಪಿಟಿ ಮುಂದಿನ ತುಣುಕನ್ನು ಆರಿಸುವುದೂ ಸಾಧ್ಯತೆಯ ಲೆಕ್ಕದಲ್ಲೇ.

ಹಾಗಾಗಿ ಕೋರ್ಸ್ ತಗೊಳ್ಳಿ. ಸೇರುವ ಮುಂಚೆ ಪ್ರಾಬಬಿಲಿಟಿ, ಸ್ವಲ್ಪ ಪೈಥಾನ್ ತಿರುವಿಹಾಕಿ. ಐಐಟಿ ಮದ್ರಾಸ್‌ನಲ್ಲಿ ಪ್ರೊಫೆಸರ್ ಆಗಿದ್ದ ದೀಪಕ್ ಖೇಮಾನಿ ಅವರ ಪಾಠಗಳು ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ, ಪ್ಯಾಕ್‌ಮ್ಯಾನ್ ಎಂಬ ವಿಡಿಯೋ ಗೇಮ್ ಇಟ್ಟುಕೊಂಡು ಮಾಡಿದ ಪ್ರಾಜೆಕ್ಟ್‌ಗಳೂ ಹಾಗೆಯೇ. ಮೊದಲನೆಯದರಲ್ಲಿ ಪ್ಯಾಕ್‌ಮ್ಯಾನ್‌ಗೆ ದಾರಿ ಹುಡುಕುವ ಕೋಡ್ ನೀವೇ ಬರೆಯಬೇಕು. ಅದೊಂದನ್ನಾದರೂ ಚಾಟ್‌ಬಾಟ್ ಕೇಳದೆ ಮಾಡಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನನಗೆ ಮೆಸೇಜ್ ಮಾಡಿ, ಕೂತು ನೋಡೋಣ.