ಕಟ್ಟಿದ್ದಲ್ಲ, ಕಟ್ಟಿಸಿದ್ದು

ಬೆಳಿಗ್ಗೆ ಎದ್ದು ವಾಟ್ಸಾಪ್ ತೆಗೆದರೆ, ಶನಿವಾರ ನಮ್ಮ ಜೊತೆ ಬಂದಿದ್ದ ಗೆಳೆಯ, ಅಮೆರಿಕದ ವರ್ಜೀನಿಯಾದಲ್ಲಿ ಹದಿನೆಂಟನೇ ಶತಮಾನದ ಜಮೀನ್ದಾರನೊಬ್ಬನ ಮನೆಯಾದ ಗನ್‌ಸ್ಟನ್ ಹಾಲ್ ಮುಂದೆ ನಿಂತ ಫೋಟೋ ಹಾಕಿ "ಜಾರ್ಜ್ ಮೇಸನ್ ಕಟ್ಟಿದ ಮನೆ" ಅಂತ ಬರೆದಿದ್ದಾನೆ. ಕಟ್ಟಿದ್ದಲ್ಲ ಮಾರಾಯ, ಕಟ್ಟಿಸಿದ್ದು! ಇಂಗ್ಲಿಷಿನವರಿಗೆ ಎರಡಕ್ಕೂ ಒಂದೇ ಮಾತು, ಪಾಪ. ನಮ್ಮಲ್ಲಿ 'ಇಸು' ಅಂತ ಒಂದಿದೆ. ಅದನ್ನು ಸೇರಿಸಿದರೆ ನಿನ್ನ ಡೇಟಾ ಖಾಲಿಯಾಗುತ್ತಾ?

ನಮ್ಮಪ್ಪ ಬಡಗಿ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ವರ್ಜೀನಿಯಾಕ್ಕೆ ಬಂದು ಒಂದು ತಿಂಗಳಾಯಿತು. ಮಾಲು, ಮ್ಯೂಸಿಯಂ ಯಾವುದನ್ನೂ ಸರಿಯಾಗಿ ನೋಡದ ಮನುಷ್ಯ ಈ ಮನೆಯ ನಡುಹಜಾರದಲ್ಲಿ ನಿಂತೇ ಬಿಟ್ಟರು. ಅಲ್ಲಿ ಜೋಡಿ ಕಮಾನು. ಎರಡೂ ಸೇರುವ ಕಡೆ ಕೆಳಗೆ ಕಂಬವೇ ಇಲ್ಲ, ಮರದಲ್ಲಿ ಕೆತ್ತಿದ ಪೈನ್ ಕಾಯಿ ಒಂದು ಸುಮ್ನೆ ಜೋತು ಬಿದ್ದಿದೆ. ಅಪ್ಪ ಕತ್ತೆತ್ತಿ ನೋಡಿದರು, ಬಗ್ಗಿ ನೋಡಿದರು, ಮುಟ್ಟೋ ಹಾಗಿಲ್ಲ ಅಂತ ಕೈ ಹಿಂದೆ ಕಟ್ಟಿಕೊಂಡು ಕೇಳಿದರು: "ಇದ್ನ ಮಾಡ್ದೋನು ಯಾರು?"

ವಿಲಿಯಂ ಬಕ್ಲೆಂಡ್. 1734ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಹುಟ್ಟಿದವನು, ಲಂಡನ್ನಿನಲ್ಲಿ ಚಿಕ್ಕಪ್ಪನ ಹತ್ತಿರ ಮರಗೆಲಸ ಕಲಿತವನು. 1755ರಲ್ಲಿ, ಇಪ್ಪತ್ತೊಂದು ವರ್ಷಕ್ಕೇ, ನಾಲ್ಕು ವರ್ಷದ ಕರಾರಿಗೆ ಸಹಿ ಹಾಕಿ ಹಡಗು ಹತ್ತಿದ. ವರ್ಷಕ್ಕೆ 20 ಪೌಂಡ್, ಊಟ ವಸತಿ ಧಣಿ ಮೇಸನ್ನನದು. ಇಟ್ಟಿಗೆ ಗೋಡೆಯ ಕೆಲಸ ಅವನು ಬರುವ ಮೊದಲೇ ಶುರುವಾಗಿತ್ತು. ಒಳಗಿನ ಮರಗೆಲಸದ ಪೂರ್ತಿ ಉಸ್ತುವಾರಿ ಇವನದು. ನಾವು ಬಾಯಿ ಬಿಟ್ಟುಕೊಂಡು ನೋಡಿದ ಆ ಚೀನೀ ಶೈಲಿಯ ಕೋಣೆಯೂ ಅದರಲ್ಲೇ ಬಂತು. ಕೆತ್ತನೆಗೆ ವಿಲಿಯಂ ಬರ್ನಾರ್ಡ್ ಸಿಯರ್ಸ್ ಅಂತ ಇನ್ನೊಬ್ಬ ಇದ್ದ.

ಇದೆಲ್ಲ ಹೇಗೆ ಗೊತ್ತು ಅಂದರೆ ಒಂದು ಕಾಗದದಿಂದ. ಕರಾರು ಮುಗಿದಾಗ, 1759ರ ನವೆಂಬರಿನಲ್ಲಿ, ಮೇಸನ್ ಅದೇ ಕರಾರುಪತ್ರದ ಹಿಂದೆ ಬರೆದುಕೊಟ್ಟ: ದೊಡ್ಡ ಮನೆಯೊಂದರ ಮರಗೆಲಸವನ್ನೆಲ್ಲ ಇವನೇ ನಡೆಸಿದ, ಪ್ರಾಮಾಣಿಕ, ಕುಡಿತವಿಲ್ಲದವನು, ಕಸುಬನ್ನು ಪೂರ್ತಿ ಬಲ್ಲವನು ಅಂತ. ನೋಡಿ, ಮೇಸನ್ನೇ 'ನಾನು ಕಟ್ಟಿದೆ' ಅನ್ನಲಿಲ್ಲ. ಅನ್ನುತ್ತಿರೋದು ನಮ್ಮ ಗೆಳೆಯ!

"ದುಡ್ಡು ಹಾಕಿದವನದೇ ಮನೆ ಅಲ್ವಾ" ಅಂತ ಈಗ ಕಾಮೆಂಟ್ ಬರುತ್ತೆ. ಹೌದಪ್ಪ, ಮನೆ ಅವನದೇ. ಬೀಗದ ಕೈ ಅವನ ಹತ್ತಿರವೇ ಇರಲಿ. ಕಟ್ಟಿದ ಹೆಸರೂ ಅವನಿಗೇ ಬೇಕಾ? ಆ ದುಡ್ಡಾದರೂ ಎಲ್ಲಿಂದ ಬಂತು? ಗುಲಾಮರು ಬೆಳೆದ ಹೊಗೆಸೊಪ್ಪಿನಿಂದ. 1776ರಲ್ಲಿ ಎಲ್ಲ ಮನುಷ್ಯರೂ ಹುಟ್ಟಿನಿಂದ ಸ್ವತಂತ್ರರು ಅಂತ ವರ್ಜೀನಿಯಾದ ಹಕ್ಕುಗಳ ಘೋಷಣೆಯ ಕರಡು ಬರೆದವನೂ ಇದೇ ಮೇಸನ್ನೇ.

ಬಕ್ಲೆಂಡನೇನು ಸಾಚಾ ಅಂತ ನಾನು ಹೇಳುತ್ತಿಲ್ಲ. ಕರಾರಿಗೆ ದುಡಿದು ಬಂದವನೇ ಮುಂದೆ ಗುಲಾಮರನ್ನು ಇಟ್ಟುಕೊಂಡ. 1774ರಲ್ಲಿ ನಲವತ್ತಕ್ಕೇ ಸತ್ತ. ಆಗ ಮಾಡಿದ ಆಸ್ತಿಪಟ್ಟಿಯಲ್ಲಿ ಪುಸ್ತಕಗಳ ಜೊತೆಗೆ ಮನುಷ್ಯರೂ ಇದ್ದರು. ಇದನ್ನು ಅಪ್ಪನಿಗೆ ಹೇಳಬೇಕೋ ಬೇಡವೋ ಅಂತ ಕಾರಿನಲ್ಲಿ ತುಂಬ ಹೊತ್ತು ಯೋಚಿಸಿದೆ. ಹೇಳಲಿಲ್ಲ.

ಬಕ್ಲೆಂಡನ ಭಾವಚಿತ್ರವೊಂದಿದೆ, ಈಗ ಯೇಲ್ ವಿಶ್ವವಿದ್ಯಾಲಯದಲ್ಲಿ. ಅವನ ಮುಂದೆ, ಅವನೇ ವಿನ್ಯಾಸ ಮಾಡಿದ ಅನ್ನಾಪೊಲಿಸ್‌ನ ಹ್ಯಾಮಂಡ್-ಹಾರ್ವುಡ್ ಮನೆಯ ನಕ್ಷೆ. ಚಿತ್ರಕಾರ ಚಾರ್ಲ್ಸ್ ವಿಲ್ಸನ್ ಪೀಲ್ 1774ರಲ್ಲಿ ಶುರು ಮಾಡಿದ ಈ ಚಿತ್ರ ಮುಗಿದದ್ದು 1789ರಲ್ಲಿ. ಬಡಗಿಯ ಕೆಲಸ ಅಲ್ವಾ, ಏನವಸರ!

ಇಷ್ಟು ಕೂಗಾಡುವ ನಾನೂ ಊರಲ್ಲಿ ಮನೆ ಆದಾಗ "ಕೊನೆಗೂ ಒಂದು ಮನೆ ಕಟ್ಟಿದೆ" ಅಂತಲೇ ಇಲ್ಲಿ ಪೋಸ್ಟ್ ಹಾಕಿದ್ದೆ. ಬಾಗಿಲು, ಕಿಟಕಿ ಎಲ್ಲ ಅಪ್ಪ ಮಾಡಿದ್ದು. ಬೆಳಿಗ್ಗೆ ಹುಡುಕಿ ತೆಗೆದು ನೋಡಿದೆ. 212 ಲೈಕು. ಅಪ್ಪನ ಹೆಸರಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಆ ಪತ್ರದ ಹಿಂಬದಿ ಬರಹವನ್ನು ಕನ್ನಡದಲ್ಲಿ ಹೇಳಿದೆ. ಅಪ್ಪ ಇನ್ನೊಮ್ಮೆ ಹೇಳಿಸಿಕೊಂಡು ಕೇಳಿದರು. ಆಮೇಲೆ ಅನ್ನ ಕಲೆಸುತ್ತಾ, "ಇವ್ನಿಗೆ ಬರ್ಕೊಟ್ರಲ್ಲ, ಪರವಾಗಿಲ್ಲ ಬಿಡು. ನಂಗೆ ಆ ಕಲ್ಯಾಣ ಮಂಟಪದೋರು ಎಂಟು ಸಾವ್ರ ಇನ್ನೂ ಕೊಡ್ಬೇಕು" ಅಂದರು.