ಸ್ಕ್ರೂಡ್ರೈವರ್ ಜೇಬಿಗಿಡಿ ಸ್ವಾಮಿ

ಇವತ್ತು ಬೆಳಗ್ಗೆ 50 ಮೀಟರ್ ಸಾಲಿನಲ್ಲಿ ಕಂಡದ್ದು. ಒಳ್ಳೆಯ .22 ಟಾರ್ಗೆಟ್ ಪಿಸ್ತೂಲು, ಒಳ್ಳೆಯ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟೆ, ಹಿಂದೆ ಎತ್ತರದ ಮಣ್ಣಿನ ದಿಬ್ಬ, ಎಲೆ ಅಲ್ಲಾಡದಷ್ಟು ಗಾಳಿ. ಇನ್ನೇನು ಬೇಕು? ಮೊದಲ ಈಡು ಎಡಕ್ಕೆ ಹೋಯಿತು. ರಿಯರ್ ಸೈಟಿನ (ಗುರಿಯಿಡಲು ಹಿಂಬದಿಯಲ್ಲಿರುವ ಕಚ್ಚು) ಸ್ಕ್ರೂ ಬಲಕ್ಕೆ ಎರಡು ಕ್ಲಿಕ್. ಎರಡನೆಯದು ಕೆಳಗೆ. ಮೇಲಕ್ಕೆ ಮೂರು ಕ್ಲಿಕ್. ಮೂರನೆಯದು ಬಲಕ್ಕೆ, ಮೇಲೆ. ಮತ್ತೆ ಎಡಕ್ಕೆ, ಮತ್ತೆ ಕೆಳಕ್ಕೆ. ಹತ್ತು ಈಡು ಮುಗಿಯುವಷ್ಟರಲ್ಲಿ ಕೈಯಲ್ಲಿ ಪಿಸ್ತೂಲಿಗಿಂತ ಸ್ಕ್ರೂಡ್ರೈವರ್ ಇದ್ದ ಹೊತ್ತೇ ಜಾಸ್ತಿ. ಕೊನೆಗೆ ತೀರ್ಪು: "ಪಿಸ್ತೂಲೆಲ್ಲ ಇಷ್ಟು ದೂರಕ್ಕೆ ಆಗಲ್ಲ ಮಾರಾಯ, ಕೋವಿಯೇ ಬೇಕು."

ಪಾಪ, ಆ ಪಿಸ್ತೂಲಿಗೆ ಬಾಯಿ ಇದ್ದಿದ್ದರೆ!

ಒಂದು ಲೆಕ್ಕ ನೋಡಿ. ನಿಮ್ಮ ಕೈಯ ಚದುರುವಿಕೆ 50 ಮೀಟರ್‌ನಲ್ಲಿ 15 ಸೆಂ.ಮೀ. ಅಗಲ ಅಂತಿಟ್ಟುಕೊಳ್ಳಿ. ಸೈಟು ಪಕ್ಕಾ ಇದ್ದರೂ ಒಂದು ಈಡು ನಡುವಿನಿಂದ 7 ಸೆಂ.ಮೀ. ಎಡಕ್ಕೆ ಹೋಗಬಹುದು. ಅದು ಸೈಟಿನ ತಪ್ಪಲ್ಲ, ಕೈಯ ಸ್ವಭಾವ. ಅದನ್ನು ನಂಬಿ 7 ಸೆಂ.ಮೀ. ಬಲಕ್ಕೆ ತಿರುಗಿಸಿದಿರೋ, ಸರಿಯಿದ್ದ ಸೈಟನ್ನು ಈಗ ಕೆಡಿಸಿದಿರಿ. ಪ್ರತಿ ಈಡಿಗೂ ಹೀಗೆ ಪೂರ್ತಿ ತಿದ್ದುತ್ತ ಹೋದರೆ ಕೈಯ ಚದುರುವಿಕೆಯ ಮೇಲೆ ಸ್ಕ್ರೂವಿನ ಚದುರುವಿಕೆಯೂ ಸೇರಿ ಒಟ್ಟು ಸುಮಾರು 1.4 ಪಟ್ಟು ಆಗುತ್ತದೆ. ಅಂದರೆ 15 ಇದ್ದದ್ದು 21. ಸುಮ್ಮನೆ ಕೂತಿದ್ದರೂ ಇದಕ್ಕಿಂತ ಚೆನ್ನಾಗಿ ಹೊಡೆಯಬಹುದಿತ್ತು. ದುಡ್ಡು ಕೊಟ್ಟು ತೋಟೆ ತಂದು, ಶ್ರಮಪಟ್ಟು ಈಡುಗಳ ಗುಂಪು ಹರಡುವ ಕಲೆ ನಮ್ಮವರಿಗೆ ಮಾತ್ರ ಒಲಿದಿದೆ.

ಹಾಗಾದರೆ ಈಡು ಯಾಕೆ ಚದುರುತ್ತದೆ? ಕಣ್ಣು ಗುರಿಯ ಮೇಲಿರುತ್ತದೆ, ಅದಕ್ಕೆ. ನೂರಕ್ಕೆ ತೊಂಬತ್ತು ಪಾಲು ಅಷ್ಟೇ (ಈ ತೊಂಬತ್ತು ನನ್ನ ಸಿಟ್ಟಿನ ಲೆಕ್ಕ, ಅಳೆದದ್ದಲ್ಲ).

25 ಮೀಟರ್ ಪಂದ್ಯಗಳ ಪಿಸ್ತೂಲಿನಲ್ಲಿ ಎರಡು ಸೈಟುಗಳ ನಡುವೆ ನಿಯಮ ಬಿಡುವ ಗರಿಷ್ಠ ಅಂತರ 220 ಮಿ.ಮೀ. ಆ ಅಂತರದಲ್ಲಿ ಫ್ರಂಟ್ ಸೈಟು (ನಳಿಗೆಯ ತುದಿಯ ಕಡ್ಡಿ) ರಿಯರ್ ಸೈಟಿನ ಕಚ್ಚಿನ ನಡುವಿನಿಂದ ಬರೀ ಅರ್ಧ ಮಿ.ಮೀ. ಸರಿದರೆ 50 ಮೀಟರ್‌ನಲ್ಲಿ ಈಡು 11 ಸೆಂ.ಮೀ. ಆಚೆ. 50 ಮೀಟರ್ ಗುರಿಹಾಳೆಯಲ್ಲಿ ಹತ್ತರ ವೃತ್ತ 5 ಸೆಂ.ಮೀ. ಅಗಲ, ಕಪ್ಪು ಭಾಗ 20 ಸೆಂ.ಮೀ. ಅರ್ಧ ಮಿ.ಮೀ. ತಪ್ಪಿದರೆ ಹತ್ತು ಹೋಗಿ ಆರಕ್ಕೆ ಬಿತ್ತು, ಕಪ್ಪಿನಿಂದಲೇ ಹೊರಗೆ. ಅದೇ, ಎರಡು ಸೈಟುಗಳೂ ಒಂದಕ್ಕೊಂದು ನೇರವಾಗಿದ್ದು ಇಡೀ ಚಿತ್ರ ಗುರಿಯ ಮೇಲೆ 5 ಸೆಂ.ಮೀ. ತೇಲಾಡುತ್ತಿದ್ದರೆ? ಈಡೂ ಅಷ್ಟೇ ತೇಲುತ್ತದೆ, ಒಂದಿಷ್ಟೂ ಹೆಚ್ಚಿಲ್ಲ. ಕಣ್ಣಿಗೆ ಕಾಣುವ ಆ ತೇಲಾಟಕ್ಕೆ ಹೆದರಿ, ಕಾಣದ ಅರ್ಧ ಮಿ.ಮೀ. ಅನ್ನು ಬಿಟ್ಟುಬಿಡುತ್ತೇವೆ. ಫ್ರಂಟ್ ಸೈಟಿನ ಅಂಚು ಕತ್ತರಿಸಿಟ್ಟ ಹಾಗೆ ಚೂಪಾಗಿ ಕಾಣಬೇಕು, ಎರಡೂ ಬದಿಯ ಬೆಳಕಿನ ಗೆರೆ ಸಮ ಇರಬೇಕು, ಮೇಲಂಚು ರಿಯರ್ ಸೈಟಿನ ಮೇಲಂಚಿಗೆ ಸಮ ನಿಲ್ಲಬೇಕು. ಗುರಿ? ಅದು ಮಂಜಿನಲ್ಲಿ ನಿಂತ ಬೂದು ಚೆಂಡಿನ ಹಾಗೆ ಮಸುಕಾಗಿ ಇರಲಿ. ಮಂಜು ಹೇಗಿರುತ್ತದೆ ಅಂತ ಮಡಿಕೇರಿಯವರಿಗೆ ನಾನು ಹೇಳಿಕೊಡಬೇಕಾ?

ಮಸುಕಾದರೆ ನಡುವನ್ನು ಹಿಡಿಯುವುದು ಹೇಗೆ ಅಂತ ಕೇಳುತ್ತಾರೆ. ಹಿಡಿಯಬೇಡಿ. ಕಪ್ಪು ಉಂಡೆಯ ಕೆಳಗೆ ಒಂದು ಚಿಕ್ಕ ಬಿಳಿ ಪಟ್ಟಿ ಬಿಟ್ಟು ನಿಲ್ಲಿಸಿ, ಸೈಟನ್ನು ಆ ಹಿಡಿತಕ್ಕೆ ಹೊಂದಿಸಿಕೊಳ್ಳಿ. ಕಪ್ಪಿನ ಮೇಲೆ ಕಪ್ಪು ಕಡ್ಡಿ ಇಟ್ಟು ನಡು ಹುಡುಕುವುದು ಅಮಾವಾಸ್ಯೆಯ ರಾತ್ರಿ ತೋಟದಲ್ಲಿ ಕರಿ ಕೋಳಿ ಹುಡುಕಿದ ಹಾಗೆ.

ಕೈಲ್ ಮುಹೂರ್ತದ (ಕೊಡಗಿನ ಆಯುಧಪೂಜೆ ಹಬ್ಬ) ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿ ಬೆಳೆದವರಿಗೆ ಇನ್ನೊಂದು ಲೆಕ್ಕ. ಫ್ರಂಟ್ ಸೈಟಿನ ಕಡ್ಡಿ 3.2 ಮಿ.ಮೀ. ಅಗಲ, ಕಣ್ಣಿನಿಂದ 80 ಸೆಂ.ಮೀ. ದೂರ ಅಂದುಕೊಳ್ಳಿ. 50 ಮೀಟರ್‌ನಲ್ಲಿ ಆ ಕಡ್ಡಿ 20 ಸೆಂ.ಮೀ. ಮುಚ್ಚುತ್ತದೆ, ಅಂದರೆ ಸರಿಯಾಗಿ ಕಪ್ಪಿನಷ್ಟೇ ಅಗಲ. ಸುಲಿದ ತೆಂಗಿನಕಾಯಿ 10 ಸೆಂ.ಮೀ. ಇದ್ದರೆ ಕಡ್ಡಿಯ ಹಿಂದೆ ಎರಡು ಕಾಯಿ ಅಡಗಿ ಕೂರುತ್ತವೆ. 100 ಮೀಟರ್‌ನಲ್ಲಿ ನಾಲ್ಕು. ರೈಫಲ್‌ನಲ್ಲಿ ಕಾಯಿ ಒಡೆದವರು ಪಿಸ್ತೂಲು ಹಿಡಿದ ಕೂಡಲೇ "ಕಾಯಿಯೇ ಕಾಣಲ್ಲ" ಅನ್ನುವುದು ಇದಕ್ಕೇ. ಕಾಯಿಯನ್ನು ಕಡ್ಡಿಯ ತಲೆಯ ಮೇಲೆ ಕೂರಿಸಬೇಕು, ಕಡ್ಡಿಯ ಹಿಂದೆ ಹುಡುಕಬಾರದು. ಮಾತಿಗೆ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ: ಹಿಂದೆ ಬರೀ ಆಕಾಶ ಇರುವ ಹಾಗೆ ಕಾಯಿ ಕಟ್ಟಿ .22 ಹೊಡೆಯಬೇಡಿ. ಅಷ್ಟು ಚಿಕ್ಕ ಗುಂಡು ಒಂದೂವರೆ ಕಿಲೋಮೀಟರ್ ದಾಟಿ ಹೋಗುತ್ತದೆ. ಅಲ್ಲಿ ಯಾರದೋ ಕಾಫಿ ಕಣ ಇರುತ್ತದೆ.

ಸರಿ, ಸ್ಕ್ರೂ ಯಾವಾಗ ಮುಟ್ಟಬೇಕು? ಮೊದಲು 25 ಮೀಟರ್‌ನಲ್ಲಿ ಕೂತು, ಮರಳಿನ ಚೀಲದ ಮೇಲೆ ಮಣಿಕಟ್ಟು ಇಟ್ಟು ಹೊಡೆಯಿರಿ. ಮಣಿಕಟ್ಟು, ನಳಿಗೆಯಲ್ಲ. ನಳಿಗೆಯನ್ನು ಚೀಲದ ಮೇಲೆ ಒರಗಿಸಿದರೆ ಪಿಸ್ತೂಲು ಪುಟಿಯುವ ರೀತಿಯೇ ಬದಲಾಗಿ ಗುಂಪು ಬೇರೆ ಕಡೆ ಬೀಳುತ್ತದೆ, ಆಮೇಲೆ ನಿಂತು ಹೊಡೆದಾಗ ಇನ್ನೆಲ್ಲೋ. (ಕಾಫಿ ಬೀಜದ ಚೀಲ ಆಗುತ್ತಾ ಅಂತ ಕೇಳಬೇಡಿ. ಬೀಜ ಜಾರುತ್ತದೆ, ಮನೆಯವರಿಂದ ಬೈಗುಳವೂ ಬೀಳುತ್ತದೆ.) ಐದು ಈಡು, ಏನೂ ಮುಟ್ಟದೆ. ಮತ್ತೆ ಐದು, ಏನೂ ಮುಟ್ಟದೆ. ಎರಡು ಗುಂಪುಗಳೂ ಒಂದರ ಮೇಲೊಂದು ಬಿದ್ದರೆ ಮಾತ್ರ ಅವುಗಳ ನಡುವನ್ನು ಪೆನ್ಸಿಲಿನಲ್ಲಿ ಗುರುತಿಸಿ ಅಳೆಯಿರಿ. ಬೇರೆ ಬೇರೆ ಕಡೆ ಬಿದ್ದರೆ ಸ್ಕ್ರೂಡ್ರೈವರ್‌ಗೆ ಅಲ್ಲಿ ಕೆಲಸವೇ ಇಲ್ಲ, ಹಿಡಿಕೆ ಹಿಡಿಯುವುದನ್ನು ಸರಿಮಾಡಿಕೊಳ್ಳಿ.

ತಿದ್ದುವ ಲೆಕ್ಕ ಸುಲಭ. ತಪ್ಪಿದ ಅಳತೆಯನ್ನು ಸೈಟುಗಳ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. 50 ಮೀಟರ್‌ನಲ್ಲಿ ಗುಂಪು 80 ಮಿ.ಮೀ. ಕೆಳಗಿದೆಯೇ? 80ನ್ನು 220ರಿಂದ ಗುಣಿಸಿ 50,000ದಿಂದ ಭಾಗಿಸಿದರೆ 0.35 ಮಿ.ಮೀ. ರಿಯರ್ ಸೈಟನ್ನು ಅಷ್ಟು ಮೇಲೆತ್ತಬೇಕು. ಈಡು ಎತ್ತ ಹೋಗಬೇಕೋ ರಿಯರ್ ಸೈಟು ಅತ್ತ, ಫ್ರಂಟ್ ಸೈಟಾದರೆ ಅದಕ್ಕೆ ವಿರುದ್ಧ. ನಿಮ್ಮ ಪಿಸ್ತೂಲಿನ ಒಂದು ಕ್ಲಿಕ್ ಎಷ್ಟು ಅಂತ ಕೈಪಿಡಿ ಹೇಳಿದರೂ ಒಮ್ಮೆ ಪರೀಕ್ಷಿಸಿ: ಐದು ಈಡು, ಹತ್ತು ಕ್ಲಿಕ್, ಮತ್ತೆ ಐದು ಈಡು. ಎರಡು ಗುಂಪುಗಳ ನಡುವಿನ ಅಂತರವನ್ನು ಹತ್ತರಿಂದ ಭಾಗಿಸಿ ಪುಸ್ತಕದಲ್ಲಿ ಬರೆದಿಡಿ. ಸ್ಕ್ರೂ ಸವೆದು ಸಡಿಲವಾಗಿದ್ದರೆ ಬೇಕಾದ ಜಾಗ ದಾಟಿಸಿ ಹಿಂದಕ್ಕೆ ಹೋಗಿ, ಯಾವಾಗಲೂ ಒಂದೇ ದಿಕ್ಕಿನಿಂದ ತಿರುಗಿಸಿ ನಿಲ್ಲಿಸಿ, ಇಲ್ಲದಿದ್ದರೆ ಒಂದೆರಡು ಕ್ಲಿಕ್ ಸುಳ್ಳು ಹೇಳುತ್ತವೆ. ಕೆಲಸ ಮುಗಿದ ಮೇಲೆ ಸ್ಕ್ರೂ ತಲೆಯಿಂದ ಪಕ್ಕದ ಲೋಹಕ್ಕೆ ನೇಲ್‌ಪಾಲಿಶ್‌ನಲ್ಲಿ ಒಂದು ಗೆರೆ ಎಳೆಯಿರಿ. ಸ್ಕ್ರೂ ತಿರುಗಿತಾ ಇಲ್ಲವಾ ಎಂಬ ಅನುಮಾನ ಅಲ್ಲಿಗೆ ತೀರಿತು.

ದೂರ ಹೆಚ್ಚಿದಂತೆ ಗುಂಡು ಇಳಿಯುವುದು ನಿಜ, ಆದರೆ ಜನ ಹೆದರುವಷ್ಟಲ್ಲ. ಸೆಕೆಂಡಿಗೆ ಸುಮಾರು 290 ಮೀಟರ್ ವೇಗದಲ್ಲಿ ಹೊರಡುವ .22 ಗುಂಡನ್ನು 25 ಮೀಟರ್‌ಗೆ ಹೊಂದಿಸಿದ್ದರೆ, 50 ಮೀಟರ್‌ನಲ್ಲಿ ಹೆಚ್ಚುಕಡಿಮೆ 7 ಸೆಂ.ಮೀ. ಕೆಳಗೆ ಬೀಳುತ್ತದೆ. 100 ಮೀಟರ್‌ನಲ್ಲಿ ಸುಮಾರು 47 ಸೆಂ.ಮೀ. ಇಲ್ಲಿ ಎರಡು ದಾರಿ ಇವೆ. ಗುರಿಯ ಮೇಲೆ ಅರ್ಧ ಮೀಟರ್ ಎತ್ತಿ ಗಾಳಿಗೆ ಗುರಿಯಿಡುವುದು ಒಂದು. ಹಾಗೆ ಮಾಡಿದರೆ ಗುರಿಯೇ ಪಿಸ್ತೂಲಿನ ಹಿಂದೆ ಮಾಯ, ಅಂದಾಜೇ ದೇವರು. ಇನ್ನೊಂದು, ಹಳೆಯ ರಿವಾಲ್ವರ್ ಪಟುಗಳ ದಾರಿ. ಅಮೆರಿಕದ ಎಲ್ಮರ್ ಕೀತ್ ಇದರಲ್ಲಿ ಹೆಸರು ಮಾಡಿದವರು. ಫ್ರಂಟ್ ಸೈಟಿನ ತಲೆಯನ್ನು ರಿಯರ್ ಸೈಟಿನ ಅಂಚಿಗಿಂತ ಬೇಕಾದಷ್ಟು ಮೇಲೆ ತೋರಿಸಿ, ಗುರಿಯನ್ನು ಆ ತಲೆಯ ಮೇಲೆಯೇ ಕೂರಿಸುವುದು. ನಮ್ಮ ಲೆಕ್ಕಕ್ಕೆ 100 ಮೀಟರ್‌ಗೆ ಸುಮಾರು 1 ಮಿ.ಮೀ. ಹೆಚ್ಚು ಕಾಣಬೇಕು, ಅಷ್ಟೇ. ಕಡ್ಡಿಯ ಹಿಂಬದಿಯಲ್ಲಿ ಆ ಎತ್ತರಕ್ಕೆ ಒಂದು ತೆಳು ಗೆರೆ ಇದ್ದರೆ ಪ್ರತಿ ಸಲವೂ ಒಂದೇ ಎತ್ತರ ಸಿಗುತ್ತದೆ. ಲೋಹದ ಪ್ರಾಣಿಗಳನ್ನು ಬೀಳಿಸುವ ಸಿಲೂಯೆಟ್ ಪಂದ್ಯಗಳಲ್ಲಿ ಕೋಳಿ 50 ಮೀಟರ್, ಹಂದಿ 100, ಟರ್ಕಿ 150, ಟಗರು 200. ಅದೂ ಕೈಪಿಸ್ತೂಲಿನಲ್ಲಿ. "ಇಷ್ಟು ದೂರಕ್ಕೆ ಆಗಲ್ಲ" ಅಂದವರು ಆ ಟಗರಿಗೆ ಏನು ಹೇಳುತ್ತಾರೋ.

ತೋಟೆಯ ವೇಗ ಒಂದೊಂದಕ್ಕೆ ಬೇರೆಯಾದರೆ? 290ರಲ್ಲಿ 15 ಮೀಟರ್ ವ್ಯತ್ಯಾಸ ಬಂದರೆ 50 ಮೀಟರ್‌ನಲ್ಲಿ 16 ಮಿ.ಮೀ. ಮೇಲೆ ಕೆಳಗೆ. ಪಕ್ಕದಿಂದ ಸೆಕೆಂಡಿಗೆ ನಾಲ್ಕೂವರೆ ಮೀಟರ್ ಗಾಳಿ ಬೀಸಿದರೆ ಎರಡೂವರೆ ಸೆಂ.ಮೀ. ಅತ್ತಿತ್ತ. ಇವೆರಡನ್ನೂ ಸೇರಿಸಿದರೂ ಆ ಅರ್ಧ ಮಿ.ಮೀ. ತಪ್ಪಿನ ಅರ್ಧದಷ್ಟೂ ಆಗುವುದಿಲ್ಲ. ಆದರೂ ಮಾತೆಲ್ಲ ತೋಟೆಯದ್ದೇ, ಗಾಳಿಯದ್ದೇ.

ಗೊತ್ತು, ಕೆಲವರ ಬೆರಳು ಈಗಾಗಲೇ ತುರಿಸುತ್ತಿದೆ: "ರೆಡ್ ಡಾಟ್ ಹಾಕಿಬಿಟ್ಟರೆ ಮುಗೀತಲ್ಲ ಅಣ್ಣ?" ಮುಗಿಯಿತು, ನಿಜ. ಆ ಸೈಟಿನ ಗಾಜಿನಲ್ಲಿ ಮೂಡುವ ಕೆಂಪು ಚುಕ್ಕಿ ಮತ್ತು ಗುರಿ ಒಟ್ಟಿಗೆ ಚೂಪಾಗಿ ಕಾಣುತ್ತವೆ, ಎರಡು ಸೈಟು ಹೊಂದಿಸುವ ತಲೆನೋವಿಲ್ಲ. ಕಣ್ಣು ಮಾಗಿದವರಿಗೆ ಅದು ವರ. ಆದರೆ ಐಎಸ್‌ಎಸ್‌ಎಫ್‌ನ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ಪಿಸ್ತೂಲು ಪಂದ್ಯಗಳಲ್ಲಿ ತೆರೆದ ಸೈಟು ಮಾತ್ರ. ಅದೂ ಅಲ್ಲದೆ ಚುಕ್ಕಿ ಕುಣಿಯುವುದನ್ನು ನೋಡಿ, ಅದು ನಡುವಿಗೆ ಬಂದ ಕ್ಷಣಕ್ಕೆ ಟ್ರಿಗರ್ ಕಿತ್ತು ಎಳೆಯುವವರು, ಸ್ಕ್ರೂ ತಿರುಗಿಸುವವರ ಸೋದರರೇ. ಕಣ್ಣಿಗೆ ಕಷ್ಟವಾದರೆ ಕನ್ನಡಕದ ಅಂಗಡಿಯಲ್ಲಿ ದೂರದ ನಂಬರಿಗೆ +0.5 ಅಥವಾ +0.75 ಸೇರಿಸಿದ ಗಾಜು ಕೇಳಿ, ಫ್ರಂಟ್ ಸೈಟು ಚೂಪಾಗಿ ನಿಲ್ಲುತ್ತದೆ. ಗಾಜಿನ ಮುಂದೆ ಸಣ್ಣ ತೂತಿನ ಐರಿಸ್ ಹಾಕಿಕೊಂಡರೆ ಗುರಿಯೂ ಸ್ವಲ್ಪ ತಿಳಿಯಾಗುತ್ತದೆ. ಮಳೆಗಾಲದ ಮಬ್ಬು ಬೆಳಕಿನಲ್ಲಿ ಮಾತ್ರ ಆ ತೂತನ್ನು ದೊಡ್ಡದು ಮಾಡಿಕೊಳ್ಳಿ, ಇಲ್ಲದಿದ್ದರೆ ಎಲ್ಲವೂ ಕತ್ತಲೆ.

"ಪಂದ್ಯದವರದ್ದೆಲ್ಲ ವಿಶೇಷ ಪಿಸ್ತೂಲು" ಅನ್ನುವುದು ಇನ್ನೊಂದು ರಾಗ. ಹೌದು, 50 ಮೀಟರ್ ಫ್ರೀ ಪಿಸ್ತೂಲಿನ ಮರದ ಹಿಡಿಕೆ ಕೈಯನ್ನೇ ಸುತ್ತಿಕೊಳ್ಳುತ್ತದೆ, ಟ್ರಿಗರ್‌ಗೆ ಕನಿಷ್ಠ ತೂಕದ ನಿಯಮವೇ ಇಲ್ಲ. ಆದರೆ ಸೈಟು ನಿಮ್ಮದೇ ತರದ ತೆರೆದ ಸೈಟು, ಹಿಡಿಯುವುದು ಒಂದೇ ಕೈ. 1980ರಲ್ಲಿ ಮಾಸ್ಕೋದಲ್ಲಿ ಸೋವಿಯತ್ ಒಕ್ಕೂಟದ ಮೆಲೆಂಟ್ಯೆವ್ 60 ಈಡಿಗೆ 581 ಅಂಕ ಹೊಡೆದು ವಿಶ್ವದಾಖಲೆ ಬರೆದರು. ಅದನ್ನು ಮುರಿಯಲು 34 ವರ್ಷ ಬೇಕಾಯಿತು, 2014ರಲ್ಲಿ ಕೊರಿಯಾದ ಜಿನ್ ಜೊಂಗ್-ಓ 583 ಹೊಡೆದರು. ಅದೇ ವರ್ಷ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಜಿತು ರಾಯ್‌ಗೆ ಈ ಸ್ಪರ್ಧೆಯ ಚಿನ್ನ, 2018ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಓಂ ಪ್ರಕಾಶ್ ಮಿಠರ್ವಾಲ್‌ಗೆ. ರಿಯೋ 2016ರ ನಂತರ ಒಲಿಂಪಿಕ್ಸ್‌ನಿಂದ ಈ ಸ್ಪರ್ಧೆಯನ್ನೇ ಕಿತ್ತುಹಾಕಿದರು. ಅದರ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಇವತ್ತು ಆ ಸ್ಕ್ರೂಡ್ರೈವರ್ ಮೇಲೆ ಸುರಿದದ್ದರಲ್ಲಿ ಅದರ ಪಾಲೂ ಇದೆ.

ಇನ್ನು ಬೆಳಕು. ಫ್ರಂಟ್ ಸೈಟು ಮಿಂಚಿದರೆ ಅದರ ಮೇಲಂಚು ಎಲ್ಲಿ ಮುಗಿಯಿತು ಅಂತ ತಿಳಿಯುವುದಿಲ್ಲ. ಮೋಡ ಸರಿದು ಬಿಸಿಲು ಬಂದ ಕೂಡಲೇ ಗುಂಪು ಜಾಗ ಬದಲಿಸುವುದು ಇದಕ್ಕೆ. ಸ್ಕ್ರೂವೀರರು ಆಗಲೂ ಸ್ಕ್ರೂ ತಿರುಗಿಸುತ್ತಾರೆ, ಮೋಡ ವಾಪಸ್ ಬಂದಾಗ ಮತ್ತೆ ತಿರುಗಿಸುತ್ತಾರೆ. ಮದ್ದು ದೇವರ ಕೋಣೆಯಲ್ಲೇ ಇದೆ: ಕರ್ಪೂರ. ಮ್ಯಾಗಜಿನ್ ತೆಗೆದು, ನಳಿಗೆಯಲ್ಲಿ ತೋಟೆ ಇಲ್ಲ ಅಂತ ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ಸೈಟಿನ ಎಣ್ಣೆ ಒರೆಸಿ. ತಗಡಿನ ಮೇಲೆ ಒಂದು ಬಿಲ್ಲೆ ಹಚ್ಚಿ, ಉರಿಯ ತುದಿಯಿಂದ ಏಳುವ ಹೊಗೆಗೆ ಸೈಟನ್ನು ಹಿಡಿಯಿರಿ. ನಾಲ್ಕೈದು ಸೆಕೆಂಡಿನಲ್ಲಿ ಮಖಮಲ್ಲಿನಂಥ ಕಪ್ಪು ಕೂರುತ್ತದೆ. ಪ್ಲಾಸ್ಟಿಕ್ ಸೈಟಿಗೆ, ಬಣ್ಣದ ಎಳೆ ಇರುವ ಸೈಟಿಗೆ ಇದು ಬೇಡ, ಕರಗುತ್ತದೆ. ಬೆರಳು ತಾಗಿದರೆ ಮಸಿ ಹೋಯಿತು, ಹೊಡೆಯುವ ಸ್ವಲ್ಪ ಮುಂಚೆ ಹಿಡಿದರೆ ಸಾಕು.

2021ರಲ್ಲಿ ಕೊಡಗಿನವರ ಕೋವಿ ಲೈಸೆನ್ಸ್ ವಿನಾಯಿತಿಯನ್ನು ಹೈಕೋರ್ಟ್ ಎತ್ತಿಹಿಡಿದಾಗ ಎದೆಯುಬ್ಬಿಸಿಕೊಂಡವರು ನಾವು. ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತೇವೆ. ಆದರೆ ಮನೆಯಲ್ಲಿ ಖಾಲಿ ಪಿಸ್ತೂಲು ಹಿಡಿದು ಹತ್ತು ನಿಮಿಷ ಗೋಡೆ ನೋಡಿ ಅಂದರೆ ನಾಚಿಕೆಯಂತೆ! ಗೋಡೆಯ ಮೇಲೆ ಗುರಿ ಅಂಟಿಸಬೇಡಿ. ಬರೀ ಬಿಳಿ ಗೋಡೆ. ತೋಟೆ ಇನ್ನೊಂದು ಕೋಣೆಯಲ್ಲಿರಲಿ. .22 ಆದರೆ ಚೇಂಬರಿನಲ್ಲಿ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ತೋಟೆ) ಹಾಕಿ, ಇಲ್ಲದಿದ್ದರೆ ತೋಟೆ ಸಿಡಿಸುವ ಸೂಜಿ ಚೇಂಬರಿನ ಅಂಚನ್ನೇ ಹೊಡೆದು ಗಾಯ ಮಾಡಬಹುದು. ಕೈ ಎತ್ತಿ, ಅರ್ಧ ಉಸಿರು ಬಿಟ್ಟು ನಿಲ್ಲಿಸಿ, ಬೆರಳಿನ ಮೊದಲ ಗೆಣ್ಣಿನ ಮೆತ್ತೆಯಿಂದ ಟ್ರಿಗರನ್ನು ನೇರ ಹಿಂದಕ್ಕೆ ಒತ್ತುತ್ತ ಹೋಗಿ. ಎಂಟು ಸೆಕೆಂಡಿನಲ್ಲಿ ಬಿಡುಗಡೆಯಾಗಲಿಲ್ಲವೇ, ಕೈ ಇಳಿಸಿ. ಟಕ್ ಅಂದ ಕ್ಷಣ ಫ್ರಂಟ್ ಸೈಟು ಎತ್ತ ಹಾರಿತು ನೋಡಿ. ಬಲಗೈಯವರಿಗೆ ಕೆಳಕ್ಕೆ ಎಡಕ್ಕೆ ಹಾರಿದರೆ ಬೆರಳಿನ ಜತೆ ಇಡೀ ಮುಷ್ಟಿ ಬಿಗಿಯಾಗುತ್ತಿದೆ ಎಂದರ್ಥ. ಮೇಲೆ ಕೆಳಗೆ ಕುಣಿದರೆ ಮಣಿಕಟ್ಟು ಸಡಿಲ.

ಮುಂದಿನ ಭಾನುವಾರ 50 ಮೀಟರ್ ಸಾಲಿಗೆ ಬರುವವರು ಒಂದು ಡಬ್ಬಿ ಕರ್ಪೂರ ತನ್ನಿ. ಸ್ಕ್ರೂಡ್ರೈವರ್ ಬೇಕಾದರೆ ನನ್ನ ಹತ್ತಿರ ಒಂದಿದೆ, ಹತ್ತು ಈಡು ಮುಗಿದ ಮೇಲೆ ಕೊಡುತ್ತೇನೆ.