ಬೆಲ್ಟ್ ಕಿರುಚಿದರೆ ಸೋಪು, ಎಣ್ಣೆ ಹಚ್ಚಬೇಡಿ

ಕಾರು ಸ್ಟಾರ್ಟ್ ಮಾಡಿದಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಬೆಲ್ಟ್ ಕಿರುಚಿದರೆ ಸೋಪನ್ನೋ ಎಣ್ಣೆಯನ್ನೋ ಹಚ್ಚಿ ಎಂಬ ಸಲಹೆ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಸದ್ದು ಅಡಗುವುದು ಸ್ವಲ್ಪ ಹೊತ್ತು ಮಾತ್ರ. ಎಣ್ಣೆ ಕುಡಿದ ಬೆಲ್ಟ್ ಇನ್ನಷ್ಟು ಜಾರುತ್ತದೆ.

ಸ್ಟಾರ್ಟರ್ ಎಳೆದುಕೊಂಡ ಚಾರ್ಜನ್ನು ಬ್ಯಾಟರಿಗೆ ಮರಳಿ ತುಂಬುವಾಗ ಆಲ್ಟರ್ನೇಟರ್ ತಿರುಗಿಸುವುದು ಭಾರವಾಗುತ್ತದೆ. ಸಡಿಲ ಬೆಲ್ಟ್ ಜಾರುವುದು ಆಗಲೇ. ಹೆಡ್‌ಲೈಟ್, ಎಸಿ ಹಾಕಿದಾಗ ಸದ್ದು ಏರಿದರೆ ಅನುಮಾನ ಗಟ್ಟಿ.

ಪರೀಕ್ಷೆಗೆ ಬರೀ ನೀರು ಸಾಕು. ಎಂಜಿನ್ ಐಡಲ್‌ನಲ್ಲಿರುವಾಗ, ಕೈ, ಬಟ್ಟೆ ದೂರವಿಟ್ಟು, ಬೆಲ್ಟ್‌ನ ಗೀರುಗಳಿರುವ ಬದಿಗೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ಸಿಂಪಡಿಸಿ. ಸದ್ದು ಜೋರಾದರೆ ಬಿಗಿ ಸಾಲದು, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ನೋಡಿಸಿ. ಕ್ಷಣಕಾಲ ನಿಂತು ಮತ್ತೆ ಬಂದರೆ ಬೆಲ್ಟ್ ಸುತ್ತುವ ಗಾಲಿಗಳಾದ ಪುಲ್ಲಿಗಳು ಒಂದೇ ನೇರದಲ್ಲಿಲ್ಲದಿರಬಹುದು. ಏನೂ ಬದಲಾಗದಿದ್ದರೆ ಎಂಜಿನ್ ಆರಿಸಿ, ಬೆಲ್ಟ್ ಕಳಚಿ, ಪುಲ್ಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ. ಗರಗರ ಎನ್ನುವ ಬೇರಿಂಗೇ ಕಳ್ಳ.